ಊದಕ್ಕನ ಗಂಟಲು

ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಉದ್ದನೆಯ ಪಡಸಾಲೆಯ ಕೊನೆಯ ಕೋಣೆ ಅವಳದು. ಬಾಗಿಲ ಮೇಲೆ ‘ಶ್ವಾಸಕೋಶ ಪರೀಕ್ಷೆ’ ಎಂಬ ಫಲಕವೇನೋ ಇದೆ, ಆದರೆ ಅದನ್ನು ಓದಿಕೊಂಡು ಒಳಗೆ ಬಂದವರನ್ನು ಯಾರೂ ಕಂಡಿಲ್ಲ. ಮೆಟ್ಟಿಲು ಹತ್ತುವಾಗಲೇ ದನಿ ಕೇಳುತ್ತದೆ. “ಊದಿ! ಊದಿ ಊದಿ ಊದಿ! ಬಿಡಬೇಡಿ! ಇನ್ನೂ ಇದೆ, ನನಗೊತ್ತು, ಇನ್ನೂ ಇದೆ! ಊದೀ!” ಆ ದನಿಯ ಬಾಲ ಹಿಡಿದು ಹೋದರೆ ಸಾಕು, ಕೋಣೆ ಸಿಗುತ್ತದೆ.

ಕೆಲಸ ಹೇಳಲಿಕ್ಕೆ ಸುಲಭ. ಮೂಗಿಗೆ ಕ್ಲಿಪ್ಪು ಹಾಕಿಕೊಂಡು, ಎದೆ ತುಂಬ ಉಸಿರೆಳೆದು, ಒಂದು ಕೊಳವೆಯೊಳಗೆ ಒಂದೇ ಸಲಕ್ಕೆ ಜೋರಾಗಿ ಊದಬೇಕು. ಎದೆಯ ತಳ ಕಾಣುವ ತನಕ ಊದುತ್ತಲೇ ಇರಬೇಕು. ಎಷ್ಟು ಲೀಟರ್ ಗಾಳಿ ಬಂತೆಂದು ಯಂತ್ರ ತೋರಿಸುತ್ತದೆ. ಹೀಗೆ ಮೂರು ಸಲ. ಆದರೆ ಮನುಷ್ಯ ಎಂಬ ಪ್ರಾಣಿ ಇದ್ದಾನಲ್ಲ, ಎರಡು ಸೆಕೆಂಡು ಊದಿ ‘ಆಯ್ತಮ್ಮ’ ಅಂತ ಮುಖ ನೋಡುತ್ತಾನೆ. ಒಳಗೆ ಇನ್ನೂ ಅರ್ಧ ಲೀಟರ್ ಉಳಿಸಿಕೊಂಡಿರುತ್ತಾನೆ, ಯಾರಿಗೋ ಏನೋ! ಅದನ್ನು ಹೊರಗೆ ತರಿಸುವ ವಿದ್ಯೆ ಅವಳದು. ಒಬ್ಬ ನಿವೃತ್ತ ಬಸ್ ಕಂಡಕ್ಟರು ಎಷ್ಟು ಹೇಳಿದರೂ ಊದದೆ ಬಿಂಕ ಮಾಡುತ್ತಿದ್ದಾಗ, “ಅಯ್ಯೋ, ಬಸ್ಸು ಹಿಂದಕ್ಕೆ ಹೋಗ್ತಿದೆ, ಯಾರೋ ಅಡ್ಡ ಬಂದ್ರು, ಸೀಟಿ ಹಾಕ್ರೀ!” ಎಂದು ಕಿರುಚಿದಳಂತೆ. ಕಂಡಕ್ಟರು ಊದಿದ ರಭಸಕ್ಕೆ ಮೂಗಿನ ಕ್ಲಿಪ್ಪು ಹಾರಿ ಕಿಟಕಿಗೆ ಬಡಿಯಿತು. ಇಪ್ಪತ್ತೆರಡು ವರ್ಷ ಹೀಗೆ ಊದಿಸಿ ಊದಿಸಿ ಅವಳ ಹೆಸರೇ ಊದಕ್ಕ ಎಂದಾಗಿತ್ತು. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದೆ, ಅದು ಸಂಬಳ ಕೊಡುವವರಿಗೆ ಮಾತ್ರ ಬೇಕು.

ಮನೆಯಲ್ಲೂ ಅದೇ ಗಂಟಲು. ಅತ್ತೆಗೆ ಕಿವಿ ಮಂದ. “ಲೋಕದಲ್ಲಿ ಎಲ್ಲರೂ ಗೊಣಗ್ತಾರೆ. ನಮ್ಮ ಸೊಸೆ ಒಬ್ಬಳೇ ಮಾತಾಡೋದು” ಎನ್ನುತ್ತಿದ್ದರು. ಅತ್ತೆ ಸೊಸೆ ಅಷ್ಟು ಅನ್ಯೋನ್ಯವಾಗಿರಲು ಅದೊಂದೇ ಕಾರಣ ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ.

ಇಂಥ ಊದಕ್ಕನಿಗೆ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಶರೀರಕ್ರಿಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವ ಹುಚ್ಚು ಹಿಡಿಯಿತು. ಹುಚ್ಚು ಎಂದವರು ನೆಂಟರು, ನಾನಲ್ಲ. ಕಾರಣ ಕೇಳಿದರೆ ಅವಳು ಹೇಳುತ್ತಿದ್ದುದು ಇಷ್ಟೇ: “ಇಪ್ಪತ್ತೆರಡು ವರ್ಷದಿಂದ ಅಡುಗೆ ಮಾಡ್ತಾ ಇದೀನಿ, ಒಂದಿನಾನೂ ರುಚಿ ನೋಡಿಲ್ಲ. ಅಂಕಿ ತೆಗೆಯೋಳು ನಾನು, ಅದರ ಅರ್ಥ ಹೇಳೋರು ಇನ್ಯಾರೋ. ಅರ್ಥ ನಂಗೂ ಬೇಕು.” ಸೀಟು ಸಿಕ್ಕಿತು. ಓದಿಗೆಂದು ಎರಡು ವರ್ಷ ರಜೆ ಕೊಡಲು ಆಸ್ಪತ್ರೆಯೂ ಒಪ್ಪಿತು. ಆದರೆ ಎರಡು ಷರತ್ತು. ಯಾವ ಸೆಮಿಸ್ಟರಿನಲ್ಲಿ ಯಾವ ಪಾಠ, ಸಂಶೋಧನೆ ಯಾವುದರ ಮೇಲೆ ಎಂಬ ಪೂರ್ತಿ ಯೋಜನೆಗೆ ವಿಭಾಗದ ಮೂವರ ಕಮಿಟಿ ಸಹಿ ಹಾಕಬೇಕು. ಮತ್ತು ನಲವತ್ತೈದು ತುಂಬುವುದರೊಳಗೆ ಆ ಸಹಿ ಬಿದ್ದಿರಬೇಕು, ಅದಾದ ಮೇಲೆ ಓದಿನ ರಜೆ ಯಾರಿಗೂ ಇಲ್ಲ. ಊದಕ್ಕನಿಗೆ ನಲವತ್ತೈದು ತುಂಬಲು ಆಗ ಐದು ತಿಂಗಳಿತ್ತು.

ಗಂಡ ಬಡಗಿ. ಬೀರು, ಮೇಜು, ಕಿಟಕಿ ಚೌಕಟ್ಟು ಮಾಡುವ ದೊಡ್ಡ ಕಾರ್ಖಾನೆಯೊಂದರಲ್ಲಿ ಇಪ್ಪತ್ತೈದು ವರ್ಷದಿಂದ ಉಪ್ಪುಕಾಗದ ಉಜ್ಜಿ ಮರ ನುಣುಪು ಮಾಡುವ ಕೆಲಸ. ಮಾತು ಕಮ್ಮಿ. ಹೆಂಡತಿ ಕಾಗದದ ಮೇಲೆ ಯೋಜನೆ ಬರೆಯುವುದು, ಹೊಡೆದುಹಾಕುವುದು, ಹರಿಯುವುದು ನೋಡಿ ನೋಡಿ ಒಂದು ಭಾನುವಾರ ಒಂದು ಹಲಗೆ ಮಾಡಿಕೊಟ್ಟ. ನಾಲ್ಕು ಸೆಮಿಸ್ಟರಿಗೆ ನಾಲ್ಕು ಸಾಲು, ಸಾಲಿನುದ್ದಕ್ಕೂ ಕೊರೆದ ತೋಡು, ತೋಡಿನಲ್ಲಿ ಜಾರುವಂತೆ ಬಿಲ್ಲೆಗಳು. ಒಂದೊಂದು ಪಾಠಕ್ಕೆ ಒಂದೊಂದು ಬಿಲ್ಲೆ: ನರ ಮತ್ತು ಸ್ನಾಯು, ಹೃದಯ ಮತ್ತು ರಕ್ತ, ಉಸಿರಾಟ, ಮೂತ್ರಪಿಂಡ, ಹಾರ್ಮೋನು, ಸಂಶೋಧನಾ ವಿಧಾನ. ಪ್ರಬಂಧಕ್ಕೆ ಮಾತ್ರ ಉದ್ದನೆಯ ಪಟ್ಟಿ. ಸಂಖ್ಯಾಶಾಸ್ತ್ರದ ಬಿಲ್ಲೆಯನ್ನು ಎಲ್ಲಕ್ಕಿಂತ ಗಟ್ಟಿ ಮರದಲ್ಲಿ ಮಾಡಿದ್ದ.

“ಇದ್ಯಾಕ್ರೀ ಇಷ್ಟು ಭಾರ?”

“ನೀನೇ ಹೇಳ್ತಿದ್ಯಲ್ಲ, ಕಬ್ಬಿಣದ ಕಡಲೆ ಅಂತ. ಕಬ್ಬಿಣ ನಂಗೆ ಬರಲ್ಲ. ಇರೋದ್ರಲ್ಲಿ ಗಟ್ಟಿ ಇದು.”

ಹಲಗೆ ಅಡುಗೆಮನೆಯ ಗೋಡೆಗೇರಿತು. ಒಗ್ಗರಣೆ ಹಾಕುತ್ತ ಊದಕ್ಕ ಬಿಲ್ಲೆ ಸರಿಸುವಳು. ಮೂತ್ರಪಿಂಡ ಎರಡರಿಂದ ಮೂರಕ್ಕೆ, ಹಾರ್ಮೋನು ಮೂರರಿಂದ ಎರಡಕ್ಕೆ. ಸಂಖ್ಯಾಶಾಸ್ತ್ರ ಮಾತ್ರ ಯಾವಾಗ ನೋಡಿದರೂ ನಾಲ್ಕನೆಯ ಸಾಲಿನ ಕೊಟ್ಟಕೊನೆಯಲ್ಲಿ, ಶಾಲೆಗೆ ಹೋಗಲ್ಲವೆಂದು ಮೂಲೆ ಹಿಡಿದ ಮಗುವಿನಂತೆ ಕೂತಿರುತ್ತಿತ್ತು. ಅವಳ ಗೈಡ್ ಮೇಡಂ ಅವಳಿಗಿಂತ ಒಂಬತ್ತು ವರ್ಷ ಚಿಕ್ಕವರು, ಹುರುಪಿನ ಹೆಂಗಸು. “ಅಕ್ಕಾ, ಅದನ್ನ ಮೊದಲೇ ತಗೊಂಡ್ರೆ ಒಳ್ಳೇದಲ್ವಾ?” ಎಂದು ಒಮ್ಮೆ ಕೇಳಿದ್ದರು. “ಮೇಡಂ, ಕಹಿ ಔಷಧಿ ಕೊನೆಗಿರಲಿ” ಎಂದು ಊದಕ್ಕ ಜಾರಿಕೊಂಡಿದ್ದಳು. ಎಲ್ಲ ವಿಷಯದಲ್ಲೂ ಹೊಗಳುತ್ತೇನೆಂದು ನಾನೇನೂ ಮಾತು ಕೊಟ್ಟಿಲ್ಲ. ಇದೊಂದರಲ್ಲಿ ಅವಳು ಶುದ್ಧ ಕಳ್ಳಿ.

ಸಂಶೋಧನೆಯ ವಿಷಯ ಮಾತ್ರ ಮೊದಲ ದಿನದಿಂದಲೂ ಗಟ್ಟಿ. ಮರದ ಪುಡಿ ಬಡಗಿಗಳ ಎದೆಗೆ ಏನು ಮಾಡುತ್ತದೆ? ಗಂಡ ಬೆಳಿಗ್ಗೆ ಎದ್ದರೆ ಕಾಲು ಗಂಟೆ ಕೆಮ್ಮುತ್ತಿದ್ದ. ಕೇಳಿದರೆ “ಪುಡಿ ಅಲ್ವೇನೇ, ಹೋಗುತ್ತೆ” ಎನ್ನುತ್ತಿದ್ದ. ಪುಡಿ ಎಳೆದುಕೊಳ್ಳುವ ದೊಡ್ಡ ಯಂತ್ರ ಹಾಕಿಸಿ ಎಂದು ಕಾರ್ಖಾನೆಯ ಬಡಗಿಗಳೆಲ್ಲ ಮಾಲೀಕರನ್ನು ಎರಡು ವರ್ಷದಿಂದ ಕಾಡಿ ಬೇಡಿದ ಮೇಲೆ ಕೊನೆಗೂ ಅವರು ಹೂಂ ಎಂದಿದ್ದರು.

ಕಮಿಟಿಗೆ ಬರಿ ಮಾತು ಸಾಲದು, ಮೊದಲೊಂದು ಸಣ್ಣ ಪರೀಕ್ಷೆ ಮಾಡಿ ತೋರಿಸಬೇಕು. ಕಾರ್ಖಾನೆಯ ಇಪ್ಪತ್ತನಾಲ್ಕು ಬಡಗಿಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಊದಲು ಬಂದರು. ಅವರಿಗೆ ಹೋಲಿಕೆಯಾಗಿ ಅದೇ ವಯಸ್ಸಿನ, ಅದೇ ಎತ್ತರದ, ಅವರಂತೆಯೇ ಬೀಡಿ ಸಿಗರೇಟು ಮುಟ್ಟದ ಇಪ್ಪತ್ತನಾಲ್ಕು ಗುಮಾಸ್ತರು ಆಸ್ಪತ್ರೆಯ ಕಡತ ವಿಭಾಗದಿಂದ ಬಂದರು. ಬಡಗಿಗಳು ಸಂಜೆ ಕೆಲಸ ಬಿಟ್ಟು ಬರುವವರು, ಅವರನ್ನು ಊದಕ್ಕ ಊದಿಸಿದಳು. ಗುಮಾಸ್ತರು ಹಗಲು ಹೊತ್ತಿನವರು. ಆ ಹೊತ್ತಿನಲ್ಲಿ ಊದಕ್ಕ ಉಳಿಸಿಟ್ಟ ರಜೆಯನ್ನೆಲ್ಲ ಹಾಕಿ ಗ್ರಂಥಾಲಯದಲ್ಲಿರುತ್ತಿದ್ದಳಾದ್ದರಿಂದ ಅವರನ್ನು ಅವಳ ಜೊತೆಗಾತಿ ಊದಿಸಿದಳು. ಮೂವತ್ತರ ಹೆಂಗಸು, ಹೂವಿನಂಥ ಸ್ವಭಾವ, ಮಾತಾಡಿದರೆ ತನಗೇ ಕೇಳುತ್ತದೋ ಇಲ್ಲವೋ ಎನ್ನುವಂಥ ದನಿ. ಎಲ್ಲರೂ ಅವಳನ್ನು ಪಿಸುಮಾತು ಎಂದೇ ಕರೆಯುವುದು.

ಫಲಿತಾಂಶ ಬಂತು. ಏನೆಂದುಕೊಂಡಿರಿ? ಬಡಗಿಗಳು ಮುಂದೆ! ಗುಮಾಸ್ತರ ಸರಾಸರಿ ಮೂರೂವರೆ ಲೀಟರ್, ಬಡಗಿಗಳದು ಮೂರು ಪಾಯಿಂಟ್ ಏಳು. ತಲೆಗೊಂದು ಲೋಟದಷ್ಟು ಗಾಳಿ ಹೆಚ್ಚು. ಗೈಡ್ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. “ಅಕ್ಕಾ! ಯಾರೂ ಊಹಿಸಿರದ ಫಲಿತಾಂಶ ಇದು! ಮೈ ಮುರಿದು ಕೆಲಸ ಮಾಡಿ ಅವರ ಎದೆ ಗಟ್ಟಿಯಾಗಿದೆ, ಪುಡಿ ಏನೂ ಮಾಡಿಲ್ಲ ಅನ್ನಬಹುದು. ಕಮಿಟಿ ಕಣ್ಣು ಮುಚ್ಚಿ ಸಹಿ ಹಾಕುತ್ತೆ ನೋಡಿ!” ಊದಕ್ಕನಿಗೂ ಸಂತೋಷ. ಪದವಿಯ ಸಂತೋಷ ಅರ್ಧ, ಗಂಡನ ಎದೆ ನೆಟ್ಟಗಿದೆ ಎಂಬುದು ಇನ್ನರ್ಧ. ಅವನದು ಮೂರು ಪಾಯಿಂಟ್ ನಾಲ್ಕು. ಯಂತ್ರ ‘ಸಾಮಾನ್ಯ’ ಎಂದೇ ಅಚ್ಚು ಹಾಕಿತ್ತು.

ಸುದ್ದಿ ಕಾರ್ಖಾನೆಗೂ ಮುಟ್ಟಿತು. ಮಾಲೀಕರು ಗಂಡನ ಬೆನ್ನು ತಟ್ಟಿ, “ನಿನ್ನ ಹೆಂಡ್ತಿನೇ ಕಂಡುಹಿಡಿದಿದ್ದಾರಂತಲ್ಲಪ್ಪ, ನಿಮ್ಮದೆಲ್ಲ ಉಕ್ಕಿನ ಎದೆ ಅಂತ! ಮತ್ತೆ ಆ ಯಂತ್ರ ಯಾಕೆ ಈಗ?” ಎಂದು ಆರ್ಡರು ನಿಲ್ಲಿಸಿದರು. ಗಂಡ ಮನೆಗೆ ಬಂದು ಅದನ್ನು ಹೇಳಿ, ಟವೆಲು ಬಾಯಿಗಿಟ್ಟುಕೊಂಡು ಕೆಮ್ಮಿದ. ಊದಕ್ಕ ಒಲೆ ಸಣ್ಣ ಮಾಡಿ ಆ ಕೆಮ್ಮಿಗೆ ಕಿವಿಗೊಟ್ಟಳು. ಅಂಕಿಯೇನೋ ಹಾಗೆ ಹೇಳುತ್ತದೆ, ಈ ಕೆಮ್ಮು ಇನ್ನೇನೋ ಹೇಳುತ್ತಿದೆಯಲ್ಲ ಎನ್ನಿಸಿತು.

ಕಮಿಟಿ ಗುರುವಾರ ಸೇರುವುದಿತ್ತು. ಸೋಮವಾರ ಮಧ್ಯಾಹ್ನ ಒಂದು ರಿಜಿಸ್ಟರು ತರಲೆಂದು ಊದಕ್ಕ ತನ್ನ ಕೋಣೆಗೆ ಹೋದಳು. ಒಳಗೆ ಪರೀಕ್ಷೆ ನಡೆದಿತ್ತು. ಯಾರಾದರೂ ಊದುತ್ತಿರುವಾಗ ಬಾಗಿಲು ನೂಕಬಾರದೆಂಬುದು ಅವಳದೇ ಕಟ್ಟಪ್ಪಣೆ. ಹೊರಗಿನ ಬೆಂಚಿನ ಮೇಲೆ ಕುಳಿತಳು. ನೋಡಿ, ಇಪ್ಪತ್ತೆರಡು ವರ್ಷದಲ್ಲಿ ಅವಳು ಆ ಬೆಂಚಿನ ಮೇಲೆ ಕುಳಿತದ್ದು ಅದೇ ಮೊದಲು. ಬೇರೆಯವರು ಊದಿಸುವುದನ್ನು ಅವಳು ಯಾವತ್ತು ಕೇಳಿದ್ದಳು?

“ಊದಿ ಸಾರ್...” ಒಳಗೆ ಪಿಸುಮಾತಿನ ದನಿ. “ಹಾಂ... ಹಾಗೇ... ಸಾಕು ಸಾರ್, ಸುಸ್ತಾಗುತ್ತೆ ನಿಮಗೆ.”

ಊದಕ್ಕ ಬೆಂಚಿನಿಂದ ಜಿಗಿದೆದ್ದಳು. ಮುಂದಿನದಕ್ಕೆ ಕಾಯಲಿಲ್ಲ, ತನ್ನ ಕಟ್ಟಪ್ಪಣೆ ತಾನೇ ಮುರಿದು ಬಾಗಿಲು ನೂಕಿದಳು. ಪರದೆಯ ಮೇಲೆ ಮೂರು ಊದಿನ ಮೂರು ಗೆರೆಗಳೂ ಒಂದರ ಮೇಲೊಂದು ಕೂತಿದ್ದವು, ಪಕ್ಕದಲ್ಲಿ ಹಸಿರು ಗುರುತು. ಮೂರು ಸಲವೂ ಒಂದೇ ಸಮ ಬಂದರೆ ಪರೀಕ್ಷೆ ಸರಿ ಎನ್ನುತ್ತದೆ ಯಂತ್ರ. ಮೂರು ಸಲವೂ ಒಂದೇ ಸಮ ಸೋಮಾರಿತನ ಮಾಡಬಹುದೆಂದು ಅದಕ್ಕೇನು ಗೊತ್ತು, ಪಾಪ! ಕುರ್ಚಿಯಲ್ಲಿದ್ದವರು ಕಡತ ವಿಭಾಗದ ಗುಮಾಸ್ತರೇ. ಮೊದಲ ಸಲದ ಚೀಟಿ ಕಳೆದುಕೊಂಡು ಮತ್ತೆ ಊದಲು ಬಂದಿದ್ದರು.

“ಸಾರ್, ಇನ್ನೊಂದೇ ಒಂದು ಸಲ. ನನ್ನ ಹತ್ರ.” ಊದಕ್ಕ ಕೊಳವೆ ಬದಲಾಯಿಸಿದಳು. ಆಮೇಲೆ ಬಾಯಿ ತೆರೆದಳು. ಕೆಳಗಿನ ಮಹಡಿಯಲ್ಲಿ ಔಷಧಿ ಕೊಡುವವನು ತಲೆಯೆತ್ತಿ ನೋಡಿದನಂತೆ.

ಪಿಸುಮಾತಿನ ಹತ್ತಿರ ಮೂರೂವರೆ ಇದ್ದ ಅಂಕಿ ಮೂರು ಪಾಯಿಂಟ್ ಒಂಬತ್ತಕ್ಕೆ ಏರಿ ನಿಂತಿತು. ಎರಡು ಲೋಟ ಗಾಳಿ! ಐದು ನಿಮಿಷದಲ್ಲಿ ಅವರ ಶ್ವಾಸಕೋಶವೇನು ಬೆಳೆದಿತ್ತೇ? ಬಡಗಿಗಳೆಲ್ಲ ಊದಿದ್ದು ತನ್ನ ಮುಂದೆ, ಗುಮಾಸ್ತರೆಲ್ಲ ಊದಿದ್ದು ಪಿಸುಮಾತಿನ ಮುಂದೆ. ಅಳೆದದ್ದು ಮರದ ಪುಡಿಯನ್ನೂ ಅಲ್ಲ, ಎದೆಯನ್ನೂ ಅಲ್ಲ, ಎರಡು ಗಂಟಲಿನ ನಡುವಿನ ಅಂತರ. ಒಂದು ಹೊತ್ತು ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಕೂತಿದ್ದರೂ ಯಾರಾದರೂ ಕಿವಿ ಹಿಂಡಿ ಹೇಳುತ್ತಿದ್ದರು, ಎರಡೂ ಗುಂಪನ್ನು ಒಬ್ಬರೇ ಅಳೆಯಬೇಕಮ್ಮ ಎಂದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ದೊಣ್ಣೆಯೂ ಕುಂಬಾರನದೇ.

ಪಿಸುಮಾತು ಅಳುಮುಖ ಮಾಡಿತು. “ಅಕ್ಕಾ, ನನ್ನಿಂದಾನಾ?”

“ಥೂ, ಸುಮ್ನಿರೇ. ನಿನ್ನಿಂದಲ್ಲ. ಲೆಕ್ಕ ಹಾಕದೆ ಹೊರಟೋಳು ನಾನು.”

ಗೈಡ್ ಮೇಡಂ ಎಲ್ಲ ಕೇಳಿ ಹಣೆ ಹಿಡಿದುಕೊಂಡರು. ಆಮೇಲೆ ಮೆಲ್ಲಗೆ, “ಅಕ್ಕಾ, ನಿಮಗೆ ನಲವತ್ತೈದು ತುಂಬೋಕೆ ಇನ್ನೆರಡೇ ತಿಂಗಳು. ಗುರುವಾರ ಸಹಿ ಆಗಿಬಿಡಲಿ. ಆಮೇಲೆ ತಿದ್ದಿಕೊಳ್ಳೋಣ. ಯೋಜನೆ ತಾನೇ, ಪ್ರಬಂಧ ಅಲ್ವಲ್ಲ” ಎಂದರು. ಕೆಟ್ಟ ಮಾತೇನೂ ಅಲ್ಲ, ಅವಳ ಮೇಲಿನ ಪ್ರೀತಿಯಿಂದಲೇ ಹೇಳಿದ್ದು. ಊದಕ್ಕನ ಮನಸ್ಸೂ ಅರ್ಧ ಆ ಕಡೆ ವಾಲಿತು. ಯಾಕೆ ಸುಳ್ಳು ಹೇಳಲಿ, ಅರ್ಧಕ್ಕಿಂತ ಹೆಚ್ಚೇ ವಾಲಿತು. ಮಂಗಳವಾರ ಪೂರ್ತಿ ಅವಳು ಯಾರ ಹತ್ತಿರವೂ ಜಗಳವಾಡಲಿಲ್ಲ. ಬುಧವಾರ ಬೆಳಿಗ್ಗೆ ಗಂಡ ಎಂದಿನಂತೆ ಕಾಲು ಗಂಟೆ ಕೆಮ್ಮಿ, ಉಪ್ಪುಕಾಗದದಿಂದ ಸವೆದ ಬೆರಳುಗಳಿಂದ ಅಂಗಿಯ ಗುಂಡಿ ಹಾಕಿಕೊಂಡು ಹೊರಟ. ಸಹಿ ಬಿದ್ದರೆ ಆ ಕಾಗದ ಮಾಲೀಕರ ಕೈಗೂ ಹೋಗುತ್ತದೆ. ತಿದ್ದುವುದು ಯಾವಾಗಲೋ, ಈ ಮನುಷ್ಯ ಪುಡಿ ಕುಡಿಯುವುದು ಇವತ್ತೇ.

ಗುರುವಾರ ಬಂತು. ಕಮಿಟಿಯ ಹಿರಿಯರನ್ನು ತಕ್ಕಡಿ ಮೇಷ್ಟ್ರು ಎನ್ನುತ್ತಿದ್ದರು. ಒಂದು ಮಾತನ್ನೂ ತೂಗದೆ ಆಡಿದವರಲ್ಲ. ಕಾಗದದ ಮೇಲೆ ಕಣ್ಣಾಡಿಸಿ, ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದರು. ಊದಕ್ಕ ಎದ್ದು ನಿಂತಳು.

“ಸರ್, ಸಹಿ ಮಾಡ್ಬೇಡಿ. ಇದು ತಪ್ಪು. ಇದರಲ್ಲಿರೋದು ಬಡಗಿಗಳ ಎದೆ ಅಲ್ಲ, ನನ್ನ ಗಂಟಲು.”

ಬಿಡಿಸಿ ಹೇಳಿದಳು, ಎಲ್ಲೂ ತಪ್ಪನ್ನು ಪಿಸುಮಾತಿನ ತಲೆಗೆ ಕಟ್ಟಲಿಲ್ಲ. ಗೈಡ್ ಮೇಡಂ ಕಿಟಕಿಯ ಕಡೆ ನೋಡುತ್ತ ಕುಳಿತಿದ್ದರು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಳ್ಳುವವರನ್ನು ನೋಡಿದ್ದೇನೆ, ಇಷ್ಟು ಸ್ಪಷ್ಟ ಉಚ್ಚಾರಣೆಯಲ್ಲಿ ಹಾಕಿಕೊಂಡವರನ್ನು ನೋಡಿಲ್ಲ.

“ಹಾಗಾದ್ರೆ ಈಗ ನಿಮ್ಮ ಹತ್ರ ಏನಿದೆಯಮ್ಮ?” ತಕ್ಕಡಿ ಮೇಷ್ಟ್ರು ಕೇಳಿದರು.

“ಏನೂ ಇಲ್ಲ ಸರ್. ಎರಡು ತಿಂಗಳಿದೆ.”

ಅವರು ಪೆನ್ನಿನ ಮುಚ್ಚಳ ಹಾಕಿದರು. ಬಹಳ ಹೊತ್ತು ತೂಗಿ, “ಆರು ವಾರ. ನಿಮಗೋಸ್ಕರ ಕಮಿಟಿ ಇನ್ನೊಂದು ಸಲ ಸೇರುತ್ತೆ. ಇನ್ನೂ ಒಂದು ಮಾತು. ಸಂಖ್ಯಾಶಾಸ್ತ್ರ ನಾಲ್ಕನೇ ಸೆಮಿಸ್ಟರ್‌ನಲ್ಲಿದೆ. ನಾಚಿಕೆ ಆಗಬೇಕು” ಎಂದರು.

ಆ ಆರು ವಾರ ಊದಕ್ಕ ಪಟ್ಟ ಪಾಡು ದೇವರಿಗೇ ಪ್ರೀತಿ. ಉಳಿಸಿಟ್ಟ ರಜೆ ಮುಗಿದಿತ್ತು, ಹಗಲೆಲ್ಲ ಎಂದಿನ ಕೆಲಸ. ಸಂಖ್ಯಾಶಾಸ್ತ್ರ ಕಲಿಸುವ ಮೇಡಂ ಹತ್ತಿರ ಊಟದ ವಿರಾಮದಲ್ಲಿ ಹೋಗಿ ಕೂತು, ಹೊಸ ಲೆಕ್ಕ ಹಾಕಿಸಿಕೊಂಡಳು. ನಲವತ್ತೆಂಟು ಜನರೂ ಇಬ್ಬರ ಹತ್ತಿರವೂ ಊದಬೇಕು, ಬೇರೆ ಬೇರೆ ದಿನ. ಮೊದಲು ಯಾರ ಹತ್ತಿರ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಪಿಸುಮಾತನ್ನು ಕರೆದುಕೊಂಡು ತಾರಸಿಗೆ ಹೋಗಿ ಕೂಗು ಕಲಿಸಿದಳು. ಮೊದಲ ದಿನ ಆ ಹೆಂಗಸು “ಊದಿ” ಎಂದರೆ ನೀರಿನ ತೊಟ್ಟಿಯ ಮೇಲಿದ್ದ ಪಾರಿವಾಳ ಕೂಡ ಕದಲಲಿಲ್ಲ. “ನಿನ್ನ ಗಂಡ ಸಂಬಳದ ದಿನ ಖಾಲಿ ಕೈಲಿ ಬಂದ ಅಂತ ತಿಳ್ಕೊ!” ಎಂದಳು ಊದಕ್ಕ. ಪಾರಿವಾಳಗಳೆಲ್ಲ ಎದ್ದವು.

ಐದನೆಯ ವಾರ ಲೆಕ್ಕ ಕೈಗೆ ಬಂತು. ಯಾರೇ ಕೂಗಲಿ, ಸರಿಯಾಗಿ ಊದಿಸಿದರೆ ಗುಮಾಸ್ತರದು ಮೂರು ಪಾಯಿಂಟ್ ಒಂಬತ್ತು. ಬಡಗಿಗಳದು ಅದೇ ಮೂರು ಪಾಯಿಂಟ್ ಏಳು. ಲೋಟ ಮುಂದಿದ್ದವರು ಲೋಟ ಹಿಂದಾದರು. ಊದಕ್ಕ ಹಾಳೆಯನ್ನು ಮತ್ತೆ ಮತ್ತೆ ನೋಡಿ, ಬೆರಳಿಟ್ಟು ಒಂದು ಸಾಲಿನ ಹತ್ತಿರ ನಿಂತಳು. ಆಮೇಲೆ ಹಾಳೆ ಮಡಚಿ ಚೀಲಕ್ಕೆ ಹಾಕಿದಳು.

ಆರನೆಯ ವಾರ ಕಮಿಟಿ ಸೇರಿತು. ತಕ್ಕಡಿ ಮೇಷ್ಟ್ರು ಎಲ್ಲ ಪುಟ ತಿರುವಿ ಸಹಿ ಹಾಕಿದರು, ಉಳಿದಿಬ್ಬರೂ ಹಾಕಿದರು. “ಒಳ್ಳೆ ಯೋಜನೆ” ಎಂದರು ಮೇಷ್ಟ್ರು. ಅವರ ಬಾಯಿಂದ ಅಷ್ಟು ಉದ್ದದ ಹೊಗಳಿಕೆ ಬಂದದ್ದನ್ನು ಗೈಡ್ ಮೇಡಂ ವಿಭಾಗದ ತುಂಬ ಹೇಳಿಕೊಂಡು ಬಂದರು. ಊದಕ್ಕನಿಗೆ ನಲವತ್ತೈದು ತುಂಬಲು ಇನ್ನು ಹದಿನೈದು ದಿನವಿತ್ತು.

ಸಂಜೆ ಮನೆಗೆ ಬಂದರೆ ಗಂಡ ಅಡುಗೆಮನೆಯಲ್ಲಿ ಹಲಗೆಯ ಮುಂದೆ ನಿಂತಿದ್ದ. ಸಂಖ್ಯಾಶಾಸ್ತ್ರದ ಬಿಲ್ಲೆಯನ್ನು ಮೊದಲ ಸಾಲಿನ ಮೊದಲ ಜಾಗಕ್ಕೆ ತಂದು ಅಂಟು ಹಾಕಿ ಕೂರಿಸಿದ್ದ. “ಇನ್ನು ಸರಿಯಲ್ಲ ಇದು” ಎಂದ. ಅತ್ತೆ ಬಾಗಿಲ ಹತ್ತಿರ ಕುಳಿತು ನಗುತ್ತಿದ್ದರು. ಊದಕ್ಕ ಸಹಿಯ ಕಾಗದ ತೋರಿಸಿದಳು. ಅವನು ಮೂರು ಸಹಿಗಳನ್ನೂ ಬೆರಳಿಂದ ಸವರಿ ನೋಡಿ ಕೇಳಿದ:

“ನಂದು ಎಷ್ಟು ಬಂತೇ?”

ಅವಳು ಒಲೆ ಹಚ್ಚಲು ತಿರುಗಿದಳು.

“ಹೇಳೇ. ಮೊದಲು ಮೂರು ಪಾಯಿಂಟ್ ನಾಲ್ಕು ಅಂದಿದ್ದೆ. ಸಾಮಾನ್ಯ ಅಂತ ಬಂದಿತ್ತು.”

“ಈಗ್ಲೂ ಅಷ್ಟೇ ರೀ. ಮೂರು ಪಾಯಿಂಟ್ ನಾಲ್ಕೇ. ಆದ್ರೆ ನಿಮ್ಮ ವಯಸ್ಸಿನೋರು, ನಿಮ್ಮಷ್ಟೇ ಎತ್ತರದೋರು ಇಬ್ಬರು ಗುಮಾಸ್ತರಿದ್ದಾರೆ. ಅವರದು ಮೂರು ಪಾಯಿಂಟ್ ಒಂಬತ್ತು.”

“ಏನಂದ್ಲು?” ಅತ್ತೆ ಕೇಳಿದರು. “ಏನಂದ್ಲೋ? ನಂಗೆ ಕೇಳಿಸ್ಲಿಲ್ಲ.”

ಇಪ್ಪತ್ತು ವರ್ಷದಲ್ಲಿ ಸೊಸೆಯ ಮಾತು ಅವರಿಗೆ ಕೇಳಿಸದೆ ಹೋದದ್ದು ಅವತ್ತೇ.

ಗಂಡ ಹಲಗೆಯ ಮೇಲೆ ಹೊರಬಂದಿದ್ದ ಅಂಟನ್ನು ಉಗುರಿನಿಂದ ಕೆರೆದು ತೆಗೆದ. “ನೀನು ಅಷ್ಟು ಕೂಗಿದ್ಯಲ್ಲ ಕಣೇ” ಎಂದ. “ನಾನು ಇದ್ದದ್ದೆಲ್ಲಾ ಕೊಟ್ಟುಬಿಟ್ಟೆ. ಇನ್ನೂ ಇದ್ದಿದ್ರೆ ಕೊಡ್ತಿದ್ದೆ.”

ಊದಕ್ಕ ಅತ್ತಳು. ಅರ್ಥ ಬೇಕು ಬೇಕು ಎಂದು ನಲವತ್ತನಾಲ್ಕರಲ್ಲಿ ಓದಲು ಹೊರಟವಳಿಗೆ ಮೊದಲು ಸಿಕ್ಕ ಅರ್ಥ ಇದು. ಅಂಕಿ ಬದಲಾಗಿರಲಿಲ್ಲ, ಅದನ್ನು ಓದಲು ಅವಳು ಕಲಿತಿದ್ದಳು.

ಮಾರನೆಯ ದಿನ ಗಂಡನ ಹಿಂದೆಯೇ ಹೊರಟು ಕಾರ್ಖಾನೆಗೆ ಹೋದಳು. ಗರಗಸ, ಕೊರೆಯುವ ಯಂತ್ರ, ಉಜ್ಜುವ ಯಂತ್ರ ಎಲ್ಲ ಒಟ್ಟಿಗೆ ಅರಚುತ್ತಿದ್ದವು. ಗಾಳಿಯಲ್ಲಿ ಹಳದಿ ಪುಡಿ. ಮಾಲೀಕರು ಕಿವಿಗೆ ಕೈ ಹಿಡಿದು, “ಆಮೇಲೆ ಬನ್ನಿಮ್ಮಾ, ಈ ಸದ್ದಿನಲ್ಲಿ ಏನೂ ಕೇಳಿಸಲ್ಲ!” ಎಂದರು.

“ಕೇಳಿಸುತ್ತೆ ಸಾರ್” ಎಂದಳು ಊದಕ್ಕ. ಚೀಲದಿಂದ ಹಾಳೆ ತೆಗೆದು, ಎದೆ ತುಂಬ ಉಸಿರೆಳೆದುಕೊಂಡು, ಇಪ್ಪತ್ತನಾಲ್ಕು ಬಡಗಿಗಳ ಅಂಕಿಯನ್ನೂ, ಒಂದೊಂದರ ಪಕ್ಕಕ್ಕೆ ಅದೇ ವಯಸ್ಸಿನ ಗುಮಾಸ್ತರ ಅಂಕಿಯನ್ನೂ ಮೊದಲಿನಿಂದ ಕೊನೆಯ ತನಕ ಓದಿದಳು. ಐದನೆಯ ಅಂಕಿಗೆ ಗರಗಸ ನಿಂತಿತು. ಹತ್ತನೆಯದಕ್ಕೆ ಉಳಿದವೂ ನಿಂತವು. ಗಂಡನದು ಕೊನೆಯದು. ಅದನ್ನು ಓದುವಾಗಲೂ ದನಿ ಇಳಿಯಲಿಲ್ಲ.

ಪುಡಿ ಎಳೆಯುವ ಯಂತ್ರ ಮುಂದಿನ ತಿಂಗಳು ಬಂತು. ಅವತ್ತು ಸೊಸೆ ಓದಿದ್ದು ತನಗೆ ಮನೆಯಲ್ಲೇ ಕುಳಿತು ಕೇಳಿಸಿತು ಎಂದು ಅತ್ತೆ ಈಗಲೂ ಹೇಳುತ್ತಾರೆ. ಕಾರ್ಖಾನೆ ಮನೆಯಿಂದ ಎರಡು ಮೈಲಿ ದೂರ.